ಕಾಗಕ್ಕನ ಮನೆತನದ ಹೆಸರು

ಸಿಂಗಟಗೆರೆಯ ಕಟ್ಟೆ ಮೇಲೆ ಕೂತು ಹಕ್ಕಿ ಪುಸ್ತಕ ಓದುವವನ ಪಾಡು ಏನೆಂದು ನನ್ನನ್ನು ಕೇಳಿ. 'ಪ್ಯಾಸರೈನ್' ಅಂತ ಬಾಯಿಬಿಟ್ಟು ಓದಿದ್ದೇ ತಪ್ಪಾಯಿತು. ಪಕ್ಕದಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಸೋದರಮಾವ, "ಪ್ಯಾಸೆಂಜರಾ? ಕಡೂರಿಗೆ ಎಷ್ಟೊತ್ತಿಗಂತೆ?" ಅಂದರು.

"ರೈಲಲ್ಲ ಮಾವ, ಹಕ್ಕಿ. ಕೊಂಬೆ ಮೇಲೆ ಕೂರೋ ಹಕ್ಕಿಗಳಿಗೆ ಇಂಗ್ಲಿಷಿನಲ್ಲಿ ಹಂಗಂತಾರೆ."

"ಮಿಕ್ಕವು ಬಸ್ಸಲ್ಲಿ ನಿನ್ನಂಗೆ ನಿಂತೇ ಇರ್ತಾವೇನೋ?"

ನಾನು ಪುಸ್ತಕದ ಪಾಂಡಿತ್ಯ ಬಿಚ್ಚಿದೆ. ಇವಕ್ಕೆ ಮೂರು ಬೆರಳು ಮುಂದಕ್ಕೆ, ಒಂದು ಹಿಂದಕ್ಕೆ. ಕುಡುಗೋಲಿನ ಹಿಡಿ ಹಿಡಿದಂತೆ ಕೊಂಬೆ ಹಿಡಿಯುತ್ತವೆ. ಗಿಣಿ ದಿನವೆಲ್ಲ ತೆಂಗಿನ ಗರಿ ಮೇಲೆ ಕೂತರೂ ಈ ಪಂಗಡಕ್ಕೆ ಸೇರದು, ಅದಕ್ಕೆ ಮುಂದೆ ಎರಡು, ಹಿಂದೆ ಎರಡು. ಹಾಗಂತ ಬೆರಳೊಂದೇ ಸಾಲದು. ಪಾರಿವಾಳಕ್ಕೂ ಮುಂದೆ ಮೂರು, ಹಿಂದೆ ಒಂದೇ. ಆದರೂ ಅದು ಹೊರಗೆ. ರಕ್ತಸಂಬಂಧವೂ ಬೇಕು.

"ಹೆಣ್ಣು ಕೇಳೋಕೆ ಹೋದಂಗಾಯ್ತಲ್ಲೋ!" ಮಾವನಿಗೆ ಈಗ ರುಚಿ ಹತ್ತಿತ್ತು. "ಕಾಗೆ ಕಥೆ ಏನು? ಅದು ಕೂತ್ರೆ ಕೊಂಬೆ ಮುರಿಯುತ್ತೆ ಅಂತ ಊರೆಲ್ಲ ಹೇಳುತ್ತೆ."

"ಅದೂ ಇದೇ ಪಂಗಡ, ಮಾವ. ಮೈನಾ, ಗೀಜಗ, ಬುಲ್‌ಬುಲ್ ಎಲ್ಲ ಇದರೊಳಗೇ. ಲೋಕದಲ್ಲಿ ಸುಮಾರು 11,000 ಜಾತಿ ಹಕ್ಕಿ ಇದ್ದರೆ, ಅರ್ಧಕ್ಕಿಂತ ಹೆಚ್ಚು ಇವೇ. ಅಷ್ಟೂ ಹಕ್ಕಿಗೆ ಹೆಸರು ಕೊಟ್ಟಿದ್ದು ಗುಬ್ಬಿ. ಲ್ಯಾಟಿನ್ನಿನಲ್ಲಿ 'ಪಾಸರ್' ಅಂದರೆ ಗುಬ್ಬಿ. ನಮ್ಮ ಸೂರಿನ ಗುಬ್ಬಚ್ಚಿಗೂ ಶಾಸ್ತ್ರದ ಹೆಸರು ಪಾಸರ್ ಡೊಮೆಸ್ಟಿಕಸ್."

ಮಾವ ಎಲೆ ಮಡಿಸುವುದನ್ನು ನಿಲ್ಲಿಸಿದರು. ನನಗೂ ಆಗಲೇ ಹೊಳೆದದ್ದು. ಅಜ್ಜಿ ಅನ್ನ ಉಣ್ಣಿಸುವಾಗ ಹೇಳುತ್ತಿದ್ದ ಕಥೆಯಲ್ಲಿ ಇಬ್ಬರೂ ಅಕ್ಕಂದಿರೇ, ಕಾಗಕ್ಕ, ಗುಬ್ಬಕ್ಕ. ಬಣ್ಣ ಬೇರೆ, ಗಾತ್ರ ಬೇರೆ, ಗಂಟಲಂತೂ ಕೇಳಲೇಬೇಡಿ. ಶಾಸ್ತ್ರಜ್ಞರು ಮೂಳೆ ಎಣಿಸಿ ಹೊಂದಿಸಿದ ನೆಂಟಸ್ತಿಕೆಯನ್ನು ಅಜ್ಜಿ ಒಂದು ತುತ್ತು ಅನ್ನದಲ್ಲಿ ಮುಗಿಸಿದ್ದಳು.

"ಪಾಪ ಕಣೋ," ಅಂದರು ಮಾವ. "ಮಳೇಲಿ ಸಗಣಿ ಮನೆ ಕರಗಿ ಬಾಗಿಲು ತಟ್ಟಿದ್ರೆ, ಆ ಗುಬ್ಬಕ್ಕ ತಾಳು ಮಗೂಗೆ ನೀರು ಹಾಕ್ತಿದೀನಿ, ತಾಳು ಬಟ್ಟೆ ತೊಡಿಸ್ತಿದೀನಿ ಅಂತ ಸತಾಯಿಸಿದಳು. ಒಂದು ರಾತ್ರಿ ಜಾಗ ಕೊಡೋಕೆ ಅಷ್ಟು ಮಾಡಿದೋಳ ಹೆಸರನ್ನ ಕಾಗಕ್ಕ ಜನ್ಮವೆಲ್ಲ ಹೊರಬೇಕಾ? ಇಂಗ್ಲಿಷಿನೋರಿಗೆ ಕಥೆ ಹೇಳೋ ಅಜ್ಜಿ ಇರಲಿಲ್ಲ ಅನ್ಸುತ್ತೆ."

ಎಲೆ ಬಾಯಿಗೆ ಹೋಯಿತು. ಎರಡು ಸಲ ಅಗಿದು ಮಾವ ಕಣ್ಣು ಮಿಟುಕಿಸಿದರು.

"ಆದ್ರೂ ನಾನು ಕೇಳಿದ್ದೇನು ತಪ್ಪು? ನಿನ್ನ ಪ್ಯಾಸೆಂಜರು ಅರಸೀಕೆರೆ, ತಿಪಟೂರು ದಾಟಿ ನಿಂತಿದ್ದು ಗುಬ್ಬೀಲೇ ತಾನೆ?"