ಕಿಟಕಿ ಸಾಕು ಕಣ್ರೀ

ಕ್ಯಾಮೆರಾ ಕೊಂಡವರಿಗೆ ಮೊದಲು ಅಂಟುವ ರೋಗ ಲಡಾಖ್. ಮನೆ ಸುತ್ತ ತೆಗೆಯೋಕೆ ಏನಿದೆ ಎಂಬುದು ಅವರ ತಕರಾರು. ಆದರೆ ನಮಗೆ ಉಳಿದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರದಲ್ಲಿರುವುದು, 1827ರ ಸುಮಾರಿಗೆ ಫ್ರಾನ್ಸಿನ ನಿಯೆಪ್ಸ್ ತನ್ನ ಮನೆಯ ಕಿಟಕಿಯಿಂದ ಕಂಡ ಸೂರುಗಳು! ಗಂಟೆಗಟ್ಟಲೆ ಎಕ್ಸ್‌ಪೋಷರ್ ಬೇಕಿದ್ದ ಕಾಲ, ಪಾಪ ಇನ್ನೆಲ್ಲಿಗೆ ಹೋದಾನು ಅನ್ನುತ್ತೀರಾ? ಪ್ರಾಗ್‌ನ ಯೋಸೆಫ್ ಸುಡೆಕ್‌ಗೆ ಆ ನೆಪವೂ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಆತ 1940ರಿಂದ ವರ್ಷಗಟ್ಟಲೆ ತನ್ನ ಸ್ಟುಡಿಯೋ ಕಿಟಕಿಯ ಗಾಜು, ಅದರ ಮೇಲಿನ ಹನಿ, ಆಚೆಯ ಸೊಟ್ಟ ಮರವನ್ನೇ ತೆಗೆದ. ಬೇಸರವಾಗುವುದಿಲ್ಲವೇ? ಬೇಸರ ಕಣ್ಣಿನದು, ಬೆಳಕಿನದಲ್ಲ. ಬೆಂಗಳೂರಿನ ನಡುಹಗಲ ಸೂರ್ಯ ಜೂನ್‌ನಲ್ಲಿ ಉತ್ತರಕ್ಕೆ ವಾಲುತ್ತಾನೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ. ಕಾಂಪೌಂಡ್ ಗೋಡೆ ಒಂದೇ, ನೆರಳು ಬೇರೆ. ಆ ಬಿಸಿಲು ತೊಳೆಯದ ಪಾತ್ರೆಗಳ ಮೇಲೂ ಬೀಳುತ್ತದೆ. ತೊಳೆಯುವ ಮೊದಲು ಒಂದು ಕ್ಲಿಕ್ಕಿಸಿ.