ನೋಡೋರ್ಯಾರು ಸ್ವಾಮಿ?

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮಾರಿಕುಪ್ಪಂ ರೈಲಿಗೆ ಕಾಯುವ ಪಂಡಿತರದು ಒಂದೇ ಪ್ರಶ್ನೆ: "ಹೆಂಗಸರ ಕಬಡ್ಡಿ ಲೀಗನ್ನು ಟೀವಿಯಲ್ಲಿ ನೋಡೋರ್ಯಾರು ಸ್ವಾಮಿ?" 2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೇ ತೋರಿಸಿದ್ದರಲ್ಲ, ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್! ಫೈನಲ್ಲಿನಲ್ಲಿ ನಮ್ಮ ತೇಜಸ್ವಿನಿ ಬಾಯಿಯವರ ತಂಡ ನಮ್ಮ ಮಮತಾ ಪೂಜಾರಿಯವರ ತಂಡವನ್ನು 24–23ರಿಂದ ಸೋಲಿಸಿತು. "ಮತ್ತೆ ನಿಂತಿದ್ದೇಕೆ?" ಒಂದೇ ಪಾಯಿಂಟಿನ ಫೈನಲ್ ಸಾಲದಿದ್ದರೆ ಇನ್ನೇನು ಬೇಕಿತ್ತೋ, ಪ್ರಾಯೋಜಕರನ್ನೇ ಕೇಳಬೇಕು. ಗಂಡಸರ ಲೀಗಿಗೆ ಮಾತ್ರ ವರ್ಷವರ್ಷವೂ ಅವಕಾಶ.

ಆಸ್ಟ್ರೇಲಿಯಾದವರು ತಮ್ಮ ಫುಟ್‌ಬಾಲಿಗೆ 2017ರಲ್ಲಿ 8 ಮಹಿಳಾ ತಂಡ ಕಟ್ಟಿದರು. ಮೊದಲ ಪಂದ್ಯಕ್ಕೇ ಮೈದಾನ ತುಂಬಿ ಗೇಟು ಮುಚ್ಚಬೇಕಾಯಿತು. 2022ಕ್ಕೆ ತಂಡಗಳು 18. "ಅದು ದುಡ್ಡಿರೋ ದೇಶ." ಇಲ್ಲೇನು ಬರಗಾಲವೇ? ಮಹಿಳಾ ಕ್ರಿಕೆಟ್ ಲೀಗಿನ ಐದು ವರ್ಷದ ಪ್ರಸಾರಕ್ಕೆ 951 ಕೋಟಿ ಸುರಿದಾಗ ಒಂದು ಪಂದ್ಯವೂ ನಡೆದಿರಲಿಲ್ಲ. "ಕ್ರಿಕೆಟ್ ಬೇರೆ." ಬೇರೆಯೇ, ಒಪ್ಪೋಣ. ಆದರೆ ನೋಡುಗರು ಬಂದಮೇಲೆ ದುಡ್ಡು ಎಂಬ ನಿಯಮ ಅಲ್ಲೇ ಸತ್ತಿತು. ಕೆಜಿಎಫ್‌ನ ಗಣಿಗಳಿಗೆ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು 1902ರಲ್ಲಿ, ಬೆಂಗಳೂರಿನ ಬೀದಿಗಳಿಗಿಂತ ಮೊದಲು. ಲಾಭ ಕಂಡ ಕಡೆಗೆ ತಂತಿ ಎಷ್ಟು ದೂರವಾದರೂ ಹೋಗುತ್ತದೆ. "ಅಲ್ಲಿ ಚಿನ್ನವಿತ್ತು!" ಇಲ್ಲಿಯೂ ಇದೆಯಲ್ಲ: ಏಷ್ಯನ್ ಗೇಮ್ಸ್ ಮಹಿಳಾ ಕಬಡ್ಡಿಯಲ್ಲಿ 2010, 2014, ಮತ್ತೆ 2023.

"ಅದು ಬರೀ ಮೆಡಲ್ ಸ್ವಾಮಿ, ಗ್ರಾಮಿನ ಲೆಕ್ಕದಲ್ಲಿ ಬರಲ್ಲ."