ಹಲ್ಲು ಹೋಗಿ ಗುಳಿ ಬಂತು

ತಾಯಲೂರಿನಲ್ಲಿ ಹಲ್ಲು ಕೀಳಿಸಿಕೊಂಡವನಿಗೆ ಏಕಾಂತ ಸಿಗುವುದಿಲ್ಲ. ಕೆನ್ನೆ ಊದಿಸಿಕೊಂಡು ಬಸ್ಸಿಳಿದರೆ ಸಾಕು, ಡೇರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರೆಲ್ಲ “ಪನ್ನು ಪೀಕಿಸ್ಕೊನ್ಯಾವಾ?” ಎಂದು ಕೇಳುತ್ತಾರೆ. ಆಂಧ್ರದ ಗಡಿ ಮಗ್ಗುಲಲ್ಲೇ ಇರುವ ನಮ್ಮ ಕಡೆ ಸುಖವನ್ನು ಕನ್ನಡದಲ್ಲೂ ನೋವನ್ನು ತೆಲುಗಿನಲ್ಲೂ ವಿಚಾರಿಸುವುದು ರೂಢಿ. ನಮ್ಮ ಬಾಯಲ್ಲಿ ಹತ್ತಿ ಇರುವುದರಿಂದ ಉತ್ತರವನ್ನೂ ಅವರೇ ಹೇಳಿಕೊಂಡು ಮುಂದೆ ಹೋಗುತ್ತಾರೆ.

ಕೋಲಾರ ಸೀಮೆಯವರ ಹಲ್ಲು ಮೊದಲೇ ಹೆಸರುವಾಸಿ. ಆಳದ ಬೋರಿನ ಫ್ಲೋರೈಡ್ ನೀರು ಕುಡಿದು ಬೆಳೆದವರ ಮುಂಬಲ್ಲಿನಲ್ಲಿ ಕಂದು ಗೀರು ಇರುತ್ತದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವ ನಿಯಮ ಕಾಗದಕ್ಕೆ ಗೊತ್ತು, ಬಂಡೆಗೆ ಗೊತ್ತಿಲ್ಲ. ಆದರೆ ನನ್ನ ಫಜೀತಿಗೆ ಫ್ಲೋರೈಡನ್ನು ದೂರುವಂತಿಲ್ಲ. ಕೆಳದವಡೆಯ ಬುದ್ಧಿಹಲ್ಲು ಅಡ್ಡಡ್ಡ ಮಲಗಿ ಪಕ್ಕದ ದವಡೆಹಲ್ಲನ್ನು ತಳ್ಳುತ್ತಿತ್ತು. ಕೀಳಿಸಿದೆ.

ಕಿತ್ತ ದಿನ ಆರಾಮ. ಮಾರನೆಯ ದಿನ ತಣ್ಣನೆ ಮೊಸರನ್ನ ಉಂಡು, ಮುಳಬಾಗಿಲು ದೋಸೆಯ ಕನಸನ್ನೂ ಕಂಡೆ. ಆಮೇಲೆ ಶುರುವಾಯಿತು. ನೋವು ದವಡೆಯಲ್ಲಿ ಹುಟ್ಟಿ ಕಿವಿಯಲ್ಲಿ ಮನೆ ಮಾಡಿತು. ಜೊತೆಗೆ ಬಾಯಿಂದ ಒಂದು ವಾಸನೆ. ಎದುರಿಗೆ ಕೂತು ಮಾತಾಡುತ್ತಿದ್ದವರು ಒಬ್ಬೊಬ್ಬರಾಗಿ ದನಕ್ಕೆ ಹುಲ್ಲು ಹಾಕುವ ನೆಪ ತೆಗೆದು ಎದ್ದರು.

ಪಂಚಾಯಿತಿ ಸೇರಿತು. ದೊಡ್ಡಮ್ಮ ಟೊಮೇಟೊ ಸಾರಿನ ಮೇಲೆ ತಪ್ಪು ಹೊರಿಸಿದರು. ಬೀಡಿ ಸೇದುವ ಮಾವ, ಇಂಜೆಕ್ಷನ್ನಿನ ಹೀಟು ಅಂದರು. ಕೊನೆಗೆ ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಮೊಬೈಲ್ ಟಾರ್ಚ್ ಬಿಟ್ಟು ಬಾಯೊಳಗೆ ಇಣುಕಿ ತೀರ್ಪು ಕೊಟ್ಟ: “ಬೋರು ಫೇಲು ಅಣ್ಣಾ. ತಳದಲ್ಲಿ ಬಂಡೆ ಕಾಣ್ತಾ ಐತೆ, ಪಸೆಯೇ ಇಲ್ಲ.”

ಡಾಕ್ಟರು ಹೇಳಿದ್ದೂ ಅದನ್ನೇ: ಡ್ರೈ ಸಾಕೆಟ್. 1896ರಲ್ಲೇ ಕ್ರಾಫರ್ಡ್ ಎಂಬ ಅಮೆರಿಕದ ದಂತವೈದ್ಯ ಇದರ ಬಗ್ಗೆ ಬರೆದಿದ್ದಾನೆ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮೂಳೆಯನ್ನು ಮುಚ್ಚಬೇಕು. ಆ ಹೆಪ್ಪು ಕರಗಿಯೋ ಕಿತ್ತುಹೋಗಿಯೋ ಮೂಳೆ ಬಯಲಾದರೆ ಎರಡರಿಂದ ನಾಲ್ಕನೇ ದಿನದೊಳಗೆ ಈ ಯಾತನೆ ಶುರು. ಹಾಗಾದರೆ ಹೆಪ್ಪು ಕರಗಿಸಿದವರು ಯಾರು? ನಮ್ಮ ಬಾಯಲ್ಲಿ ಸುಮಾರು 700 ಜಾತಿಯ ಬ್ಯಾಕ್ಟೀರಿಯಾ ಸಿಕ್ಕಿವೆಯಂತೆ. ಜಾತಿಗಣತಿಗೆ ಇಷ್ಟು ಸಲೀಸಾಗಿ ಒಪ್ಪಿಕೊಂಡ ಇನ್ನೊಂದು ಜಾಗ ಕರ್ನಾಟಕದಲ್ಲಿಲ್ಲ. ಅವುಗಳಲ್ಲಿ ಟ್ರೆಪೊನೀಮ ಡೆಂಟಿಕೋಲ ಎಂಬ ಸುರುಳಿ ಮೈಯ ಜೀವಿಯ ಕಡೆ 1983ರಲ್ಲಿ ನಿಟ್ಜಾನ್ ಎಂಬ ವಿಜ್ಞಾನಿ ಬೆರಳು ತೋರಿಸಿದರು. ಹೆಪ್ಪಿನ ಎಳೆಯಾದ ಫೈಬ್ರಿನ್ನನ್ನು ಒಡೆಯುವ ಕಸುಬು ಅದಕ್ಕೆ ಗೊತ್ತು. ಚಿಕ್ಕ ಮಕ್ಕಳ ಬಾಯಲ್ಲಿ ಅದು ಅಪರೂಪ, ಚಿಕ್ಕ ಮಕ್ಕಳಿಗೆ ಡ್ರೈ ಸಾಕೆಟ್ಟೂ ಅಪರೂಪ.

ಅನುಮಾನ ಬಲವಾಗಿದೆ. ಆದರೂ ಅದೊಂದರ ಮೇಲೇ ಎಫ್‌ಐಆರ್ ಹಾಕುವಂತಿಲ್ಲ. ಹಲ್ಲು ಕೀಳುವಾಗ ಮೂಳೆಗೆ ಬಿದ್ದ ಪೆಟ್ಟಿನಿಂದ ನಮ್ಮ ಮೈಯೇ ಹೆಪ್ಪು ಕರಗಿಸುವ ರಸಾಯನವನ್ನು ಬಿಡುತ್ತದೆ ಅನ್ನುವ ವಾದ ಅದಕ್ಕೂ ಹಳೆಯದು. ಬೀಡಿ ಸಿಗರೇಟಂತೂ ಖಾಯಂ ಆರೋಪಿ. (ಇದನ್ನು ಓದಿ ಹೇಳುವಾಗ ಮಾವ ಅಂಗಳಕ್ಕೆ ಹೋಗಿ ಒಂದು ಹಚ್ಚಿಕೊಂಡರು.) ಕೀವಿಲ್ಲ, ಜ್ವರವಿಲ್ಲ, ಇದು ಮಾಮೂಲಿ ಸೋಂಕಲ್ಲ, ಹಾಗಾಗಿ ಮೆಡಿಕಲ್ ಶಾಪಿನಲ್ಲಿ “ಸ್ಟ್ರಾಂಗಾಗಿ ಒಂದು ಆ್ಯಂಟಿಬಯಾಟಿಕ್ ಕೊಡಿ” ಅಂದರೆ ನೋವು ಬಗ್ಗುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ನಿನಿಂದ ಬಾಯಿ ಮುಕ್ಕಳಿಸಿ ಈ ಜೀವಿಗಳ ಸಂಖ್ಯೆ ಇಳಿಸಿದರೆ ತೊಂದರೆಯ ಸಂಭವವೂ ಇಳಿಯುತ್ತದೆ ಅನ್ನುವುದು ಮಾತ್ರ ಪರೀಕ್ಷೆಗಳಲ್ಲಿ ಕಂಡ ಮಾತು.

ಡಾಕ್ಟರು ಗುಳಿಯನ್ನು ತೊಳೆದು, ಯೂಜಿನಾಲ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯ ಪಟ್ಟಿಯನ್ನು ಇಕ್ಕಳದಿಂದ ಮೆಲ್ಲಗೆ ಒಳಗೆ ಮಡಿಸಿ ಮಡಿಸಿ ತುಂಬಿದರು. ಘಮ್ಮೆಂದು ಲವಂಗ! ಯೂಜಿನಾಲ್ ಲವಂಗದೆಣ್ಣೆಯ ಸತ್ವವೇ ತಾನೆ. ಕಣ್ಣಲ್ಲಿ ನೀರು ಬಂದು ಹೋಗುವಷ್ಟರಲ್ಲಿ ನೋವು ಕಿವಿಯ ಮನೆ ಖಾಲಿ ಮಾಡಿತು. ಊರಿಗೆ ಬಂದರೆ ದೊಡ್ಡಮ್ಮ ವಾಸನೆ ಹಿಡಿದು, “ಇದಕ್ಕೆ ದುಡ್ಡು ಕೊಟ್ಟು ಬಂದ್ಯಾ? ನಮ್ಮ ಸಾಂಬಾರ ಡಬ್ಬಿ ಏನು ಪಾಪ ಮಾಡಿತ್ತು?” ಎಂದರು. ಟೊಮೇಟೊ ಸಾರಿನ ಆರೋಪವನ್ನು ಇನ್ನೂ ವಾಪಸು ತೆಗೆದುಕೊಂಡಿರಲಿಲ್ಲ.

ಮುಂದಿನ ಆಜ್ಞೆ ಕುರುಡುಮಲೆ ಗಣಪನಿಗೆ ಹೋಗಿ ಬರುವುದು. ದಂತ ಕಳೆದುಕೊಂಡ ದೇವರಿಗೇ ದಂತದ ಕಷ್ಟ ಗೊತ್ತು ಅನ್ನುವುದು ದೊಡ್ಡಮ್ಮನ ತರ್ಕ. ನಾನು ಓದಿಕೊಂಡವನ ಗತ್ತಿನಲ್ಲಿ, ಗಣಪ ದಂತ ಮುರಿದುಕೊಂಡನೇ ಹೊರತು ಬೇರುಸಮೇತ ಕೀಳಿಸಿಕೊಳ್ಳಲಿಲ್ಲ, ಬೇರು ಒಳಗೇ ಉಳಿದ ಮೇಲೆ ಗುಳಿಯೂ ಇಲ್ಲ, ಡ್ರೈ ಸಾಕೆಟ್ಟೂ ಇಲ್ಲ ಎಂದು ವಿವರಿಸಿದೆ. “ಹಂಗಾದ್ರೆ ನೀನೂ ಮೇಲೆ ಮಾತ್ರ ಮುರಿಸ್ಕೊಂಡು ಬರೋದಲ್ವಾ?” ಎಂದರು.

ಡಾಕ್ಟರನ್ನು ಕೇಳಿದೆ. ಅದಕ್ಕೆ ಕೊರೊನೆಕ್ಟಮಿ ಅನ್ನುತ್ತಾರಂತೆ. ಬುದ್ಧಿಹಲ್ಲಿನ ಬೇರು ನರಕ್ಕೆ ತಾಗಿಕೊಂಡಿದ್ದರೆ ತಲೆಭಾಗವನ್ನಷ್ಟೇ ಕೊಯ್ದು ಬೇರನ್ನು ಒಳಗೇ ಬಿಡುವುದುಂಟಂತೆ. ಈ ಸಂಗತಿಯನ್ನು ನಾನು ದೊಡ್ಡಮ್ಮನಿಗೆ ಹೇಳಿಲ್ಲ.